ಎತ್ತದ ಕೈ, ಹಾಡದ ತುಟಿ

ಅಮೆರಿಕದ ಶಾಲೆಗಳಲ್ಲಿ ಬೆಳಗಿನ ಹೊತ್ತು ಮಕ್ಕಳು ಬಾವುಟದ ಕಡೆ ಮುಖ ಮಾಡಿ ಹೇಳುವ ನಿಷ್ಠೆಯ ಪ್ರತಿಜ್ಞೆ ಬಹಳ ಹಳೆಯದೇನಲ್ಲ. ಕೊಲಂಬಸ್ ಅಲ್ಲಿಗೆ ಕಾಲಿಟ್ಟು ನಾನೂರು ವರ್ಷ ತುಂಬಿದ 1892ರಲ್ಲಿ, ಬಾಸ್ಟನ್ನಿನ ‘ಯೂತ್ಸ್ ಕಂಪ್ಯಾನಿಯನ್’ ಪತ್ರಿಕೆಯಲ್ಲಿದ್ದ ಫ್ರಾನ್ಸಿಸ್ ಬೆಲ್ಲಮಿ ಎಂಬ ಪಾದ್ರಿ ಅದನ್ನು ಬರೆದ. ಇಡೀ ಪ್ರತಿಜ್ಞೆ ಒಂದೇ ವಾಕ್ಯ. ಆ ಪತ್ರಿಕೆಗೆ ಶಾಲೆಗಳಿಗೆ ಬಾವುಟ ಮಾರುವ ವ್ಯಾಪಾರವೂ ಇತ್ತು. ಭಕ್ತಿಯ ಜೊತೆಗೆ ಗಿರಾಕಿಯೂ ಬೆಳೆಯಿತು. 1898ರಲ್ಲಿ ಸ್ಪೇನಿನ ಮೇಲೆ ಯುದ್ಧ ಶುರುವಾದಾಗ ನ್ಯೂಯಾರ್ಕ್ ರಾಜ್ಯ ಶಾಲೆಗಳ ಧ್ವಜವಂದನೆಗೆ ಕಾನೂನನ್ನೇ ಮಾಡಿತು. ಉಳಿದ ರಾಜ್ಯಗಳು ಒಂದೊಂದಾಗಿ ಹಿಂದೆ ಬಂದವು. ಪ್ರತಿಜ್ಞೆ ಹೇಳುವಾಗ ಬಲಗೈಯನ್ನು ಬಾವುಟದ ಕಡೆ ನೇರವಾಗಿ ಚಾಚಬೇಕಿತ್ತು. ಮುಂದೆ ಜರ್ಮನಿಯಲ್ಲಿ ಹಿಟ್ಲರನಿಗೆ ಸಲ್ಲಿಸುತ್ತಿದ್ದ ಸಲಾಮಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಶಾಲೆಯಲ್ಲಿ ಮಗುವಿಗೆ ತನ್ನದೇ ಮಾತು ಇದೆಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಈ ಚಾಚಿದ ಕೈಯಿಂದ. ವಿಚಿತ್ರವೆಂದರೆ, ಹಾಗೆ ಹತ್ತಿಸಿದ ಮಕ್ಕಳು ಏನನ್ನೋ ಹೇಳಬೇಕೆಂದು ಹಟ ಹಿಡಿದವರಲ್ಲ, ಒಂದನ್ನು ಹೇಳಲಾರೆವು ಎಂದವರು. ಶಾಲಾಮಕ್ಕಳ ವಾಕ್‌ಸ್ವಾತಂತ್ರ್ಯದ ಚರಿತ್ರೆಯಲ್ಲಿ ಮಾತಿಗಿಂತ ಮೌನಕ್ಕೇ ಮೊದಲು ಹಕ್ಕು ಸಿಕ್ಕಿತು.

ಪೆನ್ಸಿಲ್ವೇನಿಯ ರಾಜ್ಯದ ಸ್ಕೂಲ್‌ಕಿಲ್ ಕೌಂಟಿ ಕಲ್ಲಿದ್ದಲ ಗಣಿಗಳ ಸೀಮೆ. ಅಲ್ಲಿನ ಮೈನರ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ವಾಲ್ಟರ್ ಗೊಬೈಟಸ್ ದಿನಸಿ ಅಂಗಡಿ ಇಟ್ಟುಕೊಂಡಿದ್ದ. ಮನೆಯವರು ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದವರು. ದೇವರಲ್ಲದ ಯಾವುದಕ್ಕೂ ನಮಸ್ಕರಿಸಬಾರದು ಎಂಬುದು ಆ ಪಂಥದ ಕಟ್ಟಳೆ. ಬಾವುಟಕ್ಕೆ ವಂದಿಸುವುದೂ ಅವರ ಲೆಕ್ಕದಲ್ಲಿ ಮೂರ್ತಿಪೂಜೆಯೇ. ಜರ್ಮನಿಯಲ್ಲಿ ಇದೇ ಪಂಥದವರು ನಾಜಿ ಸಲಾಮು ಹೊಡೆಯಲು ಒಪ್ಪದೆ ಸೆರೆಮನೆ ಸೇರುತ್ತಿದ್ದ ಕಾಲವದು. 1935ರ ಅಕ್ಟೋಬರಿನ ಒಂದು ಬೆಳಿಗ್ಗೆ ಐದನೆಯ ತರಗತಿಯಲ್ಲಿದ್ದ ಹತ್ತು ವರ್ಷದ ವಿಲಿಯಂ ಕೈ ಎತ್ತಲಿಲ್ಲ. ಶಿಕ್ಷಕಿ ಅವನ ಕೈ ಹಿಡಿದು ಎತ್ತಲು ನೋಡಿದರು. ಹುಡುಗ ಜೇಬನ್ನು ಬಿಗಿಹಿಡಿದು ನಿಂತ. ಮರುದಿನ ಹನ್ನೆರಡು ವರ್ಷದ ಅಕ್ಕ ಲಿಲಿಯನ್ ತನ್ನ ತರಗತಿಯಲ್ಲಿ ಸುಮ್ಮನೆ ಕುಳಿತಳು.

ನವೆಂಬರ್ 5ರಂದು ವಿಲಿಯಂ ಶಾಲಾ ಮಂಡಳಿಗೆ ಕೈಬರಹದಲ್ಲಿ ಪತ್ರ ಬರೆದ. ಬೈಬಲಿನ ದಶಾಜ್ಞೆಗಳನ್ನು ತೋರಿಸಿ, ತನಗೆ ದೇಶದ ಮೇಲೆ ಪ್ರೀತಿ ಇದೆ, ದೇವರ ಮೇಲೆ ಅದಕ್ಕಿಂತ ಹೆಚ್ಚಿದೆ, ಅವನ ಆಜ್ಞೆ ಮೀರಲಾಗದು ಎಂದು ವಿವರಿಸಿದ. ಹತ್ತು ವರ್ಷದವನ ಆ ಹಾಳೆಯನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯ ಇಂದಿಗೂ ಜೋಪಾನವಾಗಿ ಇಟ್ಟಿದೆ. ಮೈನರ್ಸ್‌ವಿಲ್‌ನ ಮಂಡಳಿಗೆ ಮಾತ್ರ ಅದು ಉದ್ಧಟತನವಾಗಿ ಕಂಡಿತು. ಮರುದಿನವೇ ಇಬ್ಬರ ಹೆಸರನ್ನೂ ಹಾಜರಿ ಪುಸ್ತಕದಿಂದ ತೆಗೆದರು. ಊರವರು ಅಂಗಡಿಗೆ ಬರುವುದನ್ನು ಬಿಟ್ಟರು.

ಕೆಳಗಿನ ಎರಡೂ ನ್ಯಾಯಾಲಯಗಳಲ್ಲಿ ಮಕ್ಕಳಿಗೇ ಜಯವಾಯಿತು. ಶಾಲಾ ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು. 1940ರ ಜೂನ್ 3ರಂದು ತೀರ್ಪು ಬಂದಾಗ ಯುರೋಪಿನಲ್ಲಿ ಡನ್‌ಕರ್ಕ್ ತೀರದಿಂದ ಬ್ರಿಟಿಷ್ ಪಡೆಗಳು ಹಡಗು ಹತ್ತಿ ಜೀವ ಉಳಿಸಿಕೊಳ್ಳುತ್ತಿದ್ದವು, ಫ್ರಾನ್ಸ್ ಬೀಳುವುದರಲ್ಲಿತ್ತು. ತೀರ್ಪು ಬರೆದ ಫೀಲಿಕ್ಸ್ ಫ್ರಾಂಕ್‌ಫರ್ಟರ್ ವಿಯೆನ್ನಾದಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲಿ ಇಂಗ್ಲಿಷಿನ ಗಂಧವಿಲ್ಲದೆ ನ್ಯೂಯಾರ್ಕಿಗೆ ಬಂದಿಳಿದವರು; ತಮ್ಮನ್ನು ಅಮೆರಿಕನ್ನನನ್ನಾಗಿ ಮಾಡಿದ್ದು ಅಲ್ಲಿನ ಸರ್ಕಾರಿ ಶಾಲೆ ಎಂದು ನಂಬಿದವರು. ದೇಶದ ಒಗ್ಗಟ್ಟೇ ದೇಶದ ರಕ್ಷಣೆಯ ಬುನಾದಿ, ಅದನ್ನು ಮಕ್ಕಳಲ್ಲಿ ಹೇಗೆ ಬೆಳೆಸಬೇಕೆಂಬುದು ಶಾಲಾ ಮಂಡಳಿಗೆ ಬಿಟ್ಟದ್ದು ಎಂಬುದು ಅವರ ತರ್ಕ. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಹಾರ್ಲನ್ ಸ್ಟೋನ್ ಒಬ್ಬರೇ ಇನ್ನೊಂದು ಕಡೆ. ನ್ಯಾಯಾಲಯದ ಕಡತದಲ್ಲಿ ಕುಟುಂಬದ ಹೆಸರೂ ತಪ್ಪಾಗಿ ‘ಗೊಬೈಟಿಸ್’ ಎಂದು ದಾಖಲಾಯಿತು. ಕಾನೂನಿನ ಪುಸ್ತಕಗಳಲ್ಲಿ ಇಂದಿಗೂ ಆ ತಪ್ಪೇ ಖಾಯಂ.

ತೀರ್ಪಿನ ಬೆನ್ನಿಗೇ ಹಲವು ಕಡೆ ಪುಂಡರ ಗುಂಪುಗಳು ಯೆಹೋವನ ಸಾಕ್ಷಿಗಳ ಮೇಲೆ ಬಿದ್ದವು. ವಾರ ಕಳೆಯುವುದರೊಳಗೆ ಮೇನ್ ರಾಜ್ಯದ ಕೆನಬಂಕ್‌ನಲ್ಲಿ ಅವರ ಸಭಾಭವನಕ್ಕೆ ಬೆಂಕಿ ಇಟ್ಟರು. ವೆಸ್ಟ್ ವರ್ಜೀನಿಯದ ರಿಚ್‌ವುಡ್‌ನಲ್ಲಿ ಸಾಕ್ಷಿಗಳನ್ನು ಕಟ್ಟಿಹಾಕಿ ಬಲವಂತವಾಗಿ ಹರಳೆಣ್ಣೆ ಕುಡಿಸಿದರು. ಶಾಲೆಗಳಿಂದ ಹೊರಬಿದ್ದ ಮಕ್ಕಳ ಲೆಕ್ಕ ಕೆಲವೇ ವರ್ಷಗಳಲ್ಲಿ ಎರಡು ಸಾವಿರ ದಾಟಿತು. ಈ ಹೊಲಸನ್ನು ನೋಡಿ ಎಂಟರ ಗುಂಪಿನಲ್ಲಿದ್ದ ಮೂವರು ನ್ಯಾಯಮೂರ್ತಿಗಳಿಗೇ ಅಳುಕು ಹುಟ್ಟಿತು. ಬ್ಲ್ಯಾಕ್, ಡಗ್ಲಸ್ ಮತ್ತು ಮರ್ಫಿ 1942ರಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ತಾವು ಮೈನರ್ಸ್‌ವಿಲ್ ವಿಷಯದಲ್ಲಿ ತಪ್ಪು ಮಾಡಿದೆವೆಂದು ಬಹಿರಂಗವಾಗಿ ಬರೆದರು. ನ್ಯಾಯಮೂರ್ತಿಗಳು ಹೀಗೆ ಕೇಳದೆಯೇ ತಪ್ಪೊಪ್ಪಿಕೊಳ್ಳುವುದು ಅಪರೂಪ.

ಅದೇ 1942ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯದ ಶಿಕ್ಷಣ ಮಂಡಳಿ, ಫ್ರಾಂಕ್‌ಫರ್ಟರ್ ಅವರ ತೀರ್ಪಿನ ಸಾಲುಗಳನ್ನೇ ಎತ್ತಿಕೊಂಡು ಧ್ವಜವಂದನೆಯನ್ನು ಕಡ್ಡಾಯ ಮಾಡಿತು. ಒಪ್ಪದ ಮಗುವನ್ನು ಶಾಲೆಯಿಂದ ತೆಗೆಯುವುದು, ಶಾಲೆಗೆ ಬರದ ತಪ್ಪಿಗೆ ಅದೇ ಮಗುವಿನ ತಂದೆತಾಯಿಗೆ ದಂಡ ಹಾಕುವುದು—ಹೀಗೆ ಎರಡೂ ಬದಿಯಿಂದ ಕತ್ತರಿ. ಚಾರ್ಲ್ಸ್‌ಟನ್ ಪಟ್ಟಣದ ಹೊರವಲಯದ ಸ್ಲಿಪ್ ಹಿಲ್ ಎಂಬ ಚಿಕ್ಕ ಶಾಲೆಯಿಂದ ಮೇರಿ ಮತ್ತು ಗ್ಯಾತಿ ಬಾರ್ನೆಟ್ ಎಂಬ ಅಕ್ಕತಂಗಿಯರನ್ನು ಮನೆಗೆ ಕಳಿಸಿದರು. ಚಾಚಿದ ಕೈ ಹಿಟ್ಲರನ ಸಲಾಮಿನಂತೆಯೇ ಇದೆಯೆಂದು ಶಿಕ್ಷಕ–ಪೋಷಕರ ಸಂಘ, ಬಾಯ್ ಸ್ಕೌಟ್ಸ್ ಮೊದಲಾದವರು ಆಕ್ಷೇಪಿಸಿದ್ದರಿಂದ ಮಂಡಳಿ ಭಂಗಿಯನ್ನು ತುಸು ಬದಲಿಸಿತ್ತು. ಸಂಘಗಳ ಮಾತಿಗೆ ಭಂಗಿ ಬದಲಾಯಿತು, ಮಕ್ಕಳ ಮಾತಿಗೆ ನಿಯಮ ಸಡಿಲವಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಇಡೀ ದೇಶಕ್ಕೇ ಎದೆಯ ಮೇಲೆ ಕೈ ಇಡುವ ಪದ್ಧತಿ ತಂದಿತು.

ಬಾರ್ನೆಟ್ ಅಕ್ಕತಂಗಿಯರ ಪ್ರಕರಣವೂ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು 1943ರ ಜೂನ್ 14ರಂದು, ಅಂದರೆ ಅಮೆರಿಕದ ಧ್ವಜದಿನದಂದೇ, ಬಂತು. ಮೂರು ವರ್ಷದ ಹಿಂದಿನ ಎಂಟು–ಒಂದು ಈಗ ಆರು–ಮೂರಾಗಿ ತಿರುಗಿತ್ತು. ಹಿಂದೆ ಒಂಟಿಯಾಗಿ ನಿಂತ ಸ್ಟೋನ್ ಈಗ ಮುಖ್ಯ ನ್ಯಾಯಮೂರ್ತಿ. ತೀರ್ಪು ಬರೆದ ರಾಬರ್ಟ್ ಜಾಕ್ಸನ್ ಧರ್ಮದ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿದರು. ಮಗು ಯಾವ ದೇವರನ್ನು ನಂಬುತ್ತದೆ ಎಂಬುದಲ್ಲ ಮುಖ್ಯ. ನಂಬದ ಮಾತನ್ನು ಅದರ ಬಾಯಿಂದ ಆಡಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ ಎಂಬುದು ಮುಖ್ಯ. ಇಲ್ಲ ಎಂಬುದು ಅವರ ಉತ್ತರ. ಎಲ್ಲರಿಂದಲೂ ಒಂದೇ ಅಭಿಪ್ರಾಯ ಹೊರಡಿಸಲು ಹೊರಟವರಿಗೆ ಕೊನೆಗೆ ದಕ್ಕುವುದು ಸ್ಮಶಾನದ ಒಮ್ಮತ ಎಂಬ ಅರ್ಥದ ಅವರ ಎಚ್ಚರಿಕೆ ಮುಂದೆ ಬಹಳ ಪ್ರಸಿದ್ಧವಾಯಿತು. ಎರಡು ವರ್ಷದ ನಂತರ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿರುದ್ಧ ಅಮೆರಿಕದ ಪರವಾಗಿ ವಾದಿಸಿದವರೂ ಇದೇ ಜಾಕ್ಸನ್. ಅಂದಹಾಗೆ, ಕಡತದಲ್ಲಿ ಈ ಬಾರಿಯೂ ಹೆಸರು ಕೆಟ್ಟಿತು. ‘ಬಾರ್ನೆಟ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ಸೇರಿ ಹಾಗೆಯೇ ಉಳಿಯಿತು.

ಸುಮ್ಮನಿರುವ ಹಕ್ಕೇನೋ ಸಿಕ್ಕಿತು, ಮಾತಾಡುವ ಹಕ್ಕು? ಅದಕ್ಕೆ ಇನ್ನೂ ಕಾಲು ಶತಮಾನ ಬೇಕಾಯಿತು. ದಾರಿ ತೆರೆದವರು ಮಿಸಿಸಿಪಿಯ ಕಪ್ಪು ಮಕ್ಕಳು. 1964ರಲ್ಲಿ ನಾಗರಿಕ ಹಕ್ಕುಗಳ ಚಳವಳಿ ಬಿರುಸಾಗಿದ್ದಾಗ ಅಲ್ಲಿನ ಫಿಲಡೆಲ್ಫಿಯ ಎಂಬ ಪಟ್ಟಣದಲ್ಲಿ—ಚಳವಳಿಯ ಮೂವರು ಕಾರ್ಯಕರ್ತರು ಕೊಲೆಯಾದದ್ದು ಇದೇ ಊರಿನ ಆಸುಪಾಸಿನಲ್ಲಿ—ಕಪ್ಪು ವಿದ್ಯಾರ್ಥಿಗಳು ಒಬ್ಬನಿಗೊಂದು ಮತ ಎಂದು ಸಾರುವ ಬಿಲ್ಲೆಗಳನ್ನು ಅಂಗಿಗೆ ಸಿಕ್ಕಿಸಿಕೊಂಡು ಶಾಲೆಗೆ ಬಂದರು. ಪ್ರಾಂಶುಪಾಲರು ಅವರನ್ನು ಮನೆಗೆ ಅಟ್ಟಿದರು. 1966ರ ಜುಲೈಯಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಬಿಲ್ಲೆಯಿಂದ ಪಾಠಕ್ಕೆ ನಿಜವಾಗಿ ಗಣನೀಯ ಅಡ್ಡಿಯಾದರೆ ಮಾತ್ರ ಅದನ್ನು ತಡೆಯಬಹುದು, ಇಲ್ಲಿ ಹಾಗಾಗಿಲ್ಲ ಎಂದಿತು. ಅದೇ ದಿನ, ಅದೇ ನ್ಯಾಯಪೀಠ, ಅದೇ ರಾಜ್ಯದ ಇನ್ನೊಂದು ಶಾಲೆಯ ಬಿಲ್ಲೆ ಪ್ರಕರಣದಲ್ಲಿ ಶಾಲೆಯ ಪರ ತೀರ್ಪಿತ್ತಿತು. ಅಲ್ಲಿ ಕೆಲವು ಹುಡುಗರು ಬೇಡವೆಂದವರಿಗೂ ಬಿಲ್ಲೆ ಸಿಕ್ಕಿಸಲು ಹೋಗಿ ಗದ್ದಲವಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮುಂದಿನ ಕಾನೂನಿನ ಅಳತೆಗೋಲು ಪೂರ್ತಿ ಅಲ್ಲೇ ಇದೆ. ಆದರೂ ಕೀರ್ತಿ ಹೋದದ್ದು ಅಯೋವದ ಬಿಳಿ ಮಕ್ಕಳಿಗೆ. ಮಿಸಿಸಿಪಿಯ ಬಿಲ್ಲೆಗಳನ್ನು ನೆನೆಯುವವರು ಕಡಿಮೆ.

ಅಯೋವ ರಾಜ್ಯದ ರಾಜಧಾನಿ ಡಿ ಮೊಯ್ನ್. 1965ರ ಡಿಸೆಂಬರಿನಲ್ಲಿ ಅಲ್ಲಿ ಕೆಲವು ಕುಟುಂಬಗಳು ಸೇರಿ, ವಿಯೆಟ್ನಾಂ ಯುದ್ಧದಲ್ಲಿ ಸತ್ತ ಎರಡೂ ಕಡೆಯವರ ಶೋಕಕ್ಕೂ ಕ್ರಿಸ್‌ಮಸ್ ಕದನವಿರಾಮದ ಬೆಂಬಲಕ್ಕೂ ತೋಳಿಗೆ ಕಪ್ಪು ಪಟ್ಟಿ ಕಟ್ಟಲು ನಿಶ್ಚಯಿಸಿದವು. ಸುದ್ದಿ ತಿಳಿದ ಪ್ರಾಂಶುಪಾಲರು 14ರಂದು ಸಭೆ ಸೇರಿ, ಪಟ್ಟಿ ಕಟ್ಟಿ ಬಂದವರನ್ನು ಅಮಾನತು ಮಾಡುವುದೆಂದು ಮುಂಚಿತವಾಗಿಯೇ ನಿಯಮ ಮಾಡಿದರು. 16ರಂದು ಎಂಟನೆಯ ತರಗತಿಯ ಮೇರಿ ಬೆತ್ ಟಿಂಕರ್ ಎರಡು ಅಂಗುಲ ಅಗಲದ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ವಯಸ್ಸು ಹದಿಮೂರು. ಊಟದ ಬಿಡುವಿನವರೆಗೆ ಏನೂ ಆಗಲಿಲ್ಲ. ಮಧ್ಯಾಹ್ನ ಗಣಿತದ ತರಗತಿಯಿಂದ ಕಚೇರಿಗೆ ಕರೆ ಬಂತು. ಪಟ್ಟಿ ಬಿಚ್ಚು ಎಂದರು. ಹುಡುಗಿಗೆ ಭಯವಾಗಿ ಬಿಚ್ಚಿಯೂ ಬಿಟ್ಟಳು. ಆದರೂ ಅಮಾನತು ತಪ್ಪಲಿಲ್ಲ. ಮುಂದೆ ಕಾನೂನು ಪುಸ್ತಕಗಳ ವೀರಗಾಥೆಯಾದ ಈ ಕತೆಯಲ್ಲಿ ಆ ಅಂಜಿಕೆಯನ್ನು ಬಿಡಬಾರದು. ಕಚೇರಿಯ ಮೇಜಿನ ಮುಂದೆ ನಿಂತ ಮಗುವಿನ ಹಕ್ಕು ಎಂದರೆ ಏನೆಂಬುದು ಅಲ್ಲೇ ಹೆಚ್ಚು ಕಾಣುತ್ತದೆ. ಅದೇ ದಿನ ರೂಸ್‌ವೆಲ್ಟ್ ಪ್ರೌಢಶಾಲೆಯ ಕ್ರಿಸ್ಟೊಫರ್ ಎಕ್‌ಹಾರ್ಟ್, ಮರುದಿನ ನಾರ್ತ್ ಪ್ರೌಢಶಾಲೆಯಿಂದ ಅಣ್ಣ ಜಾನ್ ಟಿಂಕರ್ ಹೊರಬಿದ್ದರು. ಪ್ರಾಥಮಿಕ ಶಾಲೆಯಲ್ಲಿದ್ದ ಅವಳ ಚಿಕ್ಕ ತಂಗಿ, ತಮ್ಮ ಕೂಡ ಪಟ್ಟಿ ಕಟ್ಟಿದ್ದರು. ಅವರನ್ನು ಯಾರೂ ಏನೂ ಅನ್ನಲಿಲ್ಲ.

ಟಿಂಕರ್ ಮಕ್ಕಳ ತಂದೆ ಮೆಥಡಿಸ್ಟ್ ಪಾದ್ರಿ. ಮನೆಗೆ ಕೆಂಪು ಬಣ್ಣ ಎರಚಿದರು, ಫೋನಿನಲ್ಲಿ ಕೊಲ್ಲುವ ಬೆದರಿಕೆ ಹಾಕಿದರು. ಹೊಸ ವರ್ಷ ಕಳೆದ ಮೇಲೆ ಮಕ್ಕಳು ಪಟ್ಟಿ ಇಲ್ಲದೆ ಶಾಲೆಗೆ ಮರಳಿದರು. ಆದರೆ ಆ ವರ್ಷದ ಉಳಿದ ದಿನಗಳೆಲ್ಲ ಕಪ್ಪು ಬಟ್ಟೆಯನ್ನೇ ತೊಟ್ಟರು. ಅದಕ್ಕೆ ನಿಯಮವಿರಲಿಲ್ಲ.

ಜಿಲ್ಲಾ ನ್ಯಾಯಾಲಯದಲ್ಲಿ ಸೋಲು. ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳು ಸಮಸಮವಾಗಿ ಒಡೆದದ್ದರಿಂದ ಸೋಲೇ ಉಳಿಯಿತು. 1969ರ ಫೆಬ್ರವರಿ 24ರಂದು ಸುಪ್ರೀಂ ಕೋರ್ಟ್ ಏಳು–ಎರಡರಿಂದ ಮಕ್ಕಳ ಪರ ನಿಂತಿತು. ತೀರ್ಪು ಬರೆದ ಏಬ್ ಫೋರ್ಟಸ್ ಮಿಸಿಸಿಪಿಯ ಅಳತೆಗೋಲನ್ನೇ ಎತ್ತಿಕೊಂಡರು: ಗಲಾಟೆಯಾದೀತೆಂಬ ಬರೀ ಅಂಜಿಕೆ ಸಾಲದು, ಗಣನೀಯ ಅಡ್ಡಿಗೆ ಆಧಾರ ಬೇಕು, ಶಾಲೆಯ ಗೇಟು ದಾಟಿದೊಡನೆ ಮಗು ತನ್ನ ಹಕ್ಕುಗಳನ್ನು ಹೊರಗೆ ಕಳಚಿಟ್ಟು ಬರುವುದಿಲ್ಲ. ಒಂದು ವಿವರ ಶಾಲೆಗಳ ವಾದವನ್ನು ಬುಡಸಮೇತ ಅಲುಗಾಡಿಸಿತು. ಚುನಾವಣಾ ಬಿಲ್ಲೆಗಳಿಗೆ ಅಲ್ಲಿ ತಡೆ ಇರಲಿಲ್ಲ. ನಾಜಿಗಳ ನೆನಪು ತರುವ ಕಬ್ಬಿಣದ ಶಿಲುಬೆಯ ಪದಕವನ್ನೂ ಕೆಲವರು ಹಾಕಿಕೊಂಡು ಬರುತ್ತಿದ್ದರು. ಹದಿನೆಂಟು ಸಾವಿರ ವಿದ್ಯಾರ್ಥಿಗಳಿದ್ದ ವ್ಯವಸ್ಥೆಯಲ್ಲಿ ಬೆರಳೆಣಿಕೆಯ ಮಕ್ಕಳ ಕಪ್ಪು ಪಟ್ಟಿ ಮಾತ್ರ ಕಣ್ಣಿಗೆ ಚುಚ್ಚಿತ್ತು.

ಕಟುವಾಗಿ ಭಿನ್ನಮತ ಬರೆದವರು ಹ್ಯೂಗೊ ಬ್ಲ್ಯಾಕ್. ಮಕ್ಕಳನ್ನು ಶಾಲೆಗೆ ಕಳಿಸುವುದು ಕಲಿಯುವುದಕ್ಕೆ, ಕಲಿಸುವುದಕ್ಕಲ್ಲ. ಇನ್ನು ಮೇಲೆ ಶಾಲೆಗಳಲ್ಲಿ ಶಿಸ್ತು ಎಂಬುದು ಇರುವುದಿಲ್ಲ ಎಂದು ಅವರು ಗುಡುಗಿದರು. ಧ್ವಜವಂದನೆಯಲ್ಲಿ ತಪ್ಪೊಪ್ಪಿಕೊಂಡ ಮೂವರಲ್ಲಿ ಒಬ್ಬರಾಗಿದ್ದ ಅದೇ ಬ್ಲ್ಯಾಕ್ ಇವರು. ಸುಮ್ಮನಿದ್ದ ಮಗುವನ್ನು ಸಹಿಸಿದವರಿಗೆ ತೋಳಿನ ಪಟ್ಟಿ ಸಹಿಸಲಾಗಲಿಲ್ಲ.

ಹಾಗೆ ನೋಡಿದರೆ ಕಪ್ಪು ಪಟ್ಟಿಯೂ ಬಾಯಿ ತೆರೆದು ಆಡಿದ ಮಾತಲ್ಲ. ಮಕ್ಕಳು ಬಾಯಿ ತೆರೆದ, ಬರೆದ ಪ್ರಕರಣಗಳಲ್ಲಿ ನ್ಯಾಯಾಲಯ ಹಿಂದೆ ಸರಿಯುತ್ತಲೇ ಹೋಯಿತು. 1986ರ ಜುಲೈಯಲ್ಲಿ, ಸಹಪಾಠಿಯ ಚುನಾವಣೆಗೆಂದು ದ್ವಂದ್ವಾರ್ಥದ ಭಾಷಣ ಮಾಡಿದ ವಿದ್ಯಾರ್ಥಿ ಸೋತ. 1988ರಲ್ಲಿ ಮಿಸೌರಿಯ ಹೇಜಲ್‌ವುಡ್ ಶಾಲೆಯ ಪತ್ರಿಕೆಯ ಸರದಿ. ಹದಿಹರೆಯದ ಬಸಿರು, ತಂದೆತಾಯಿಯ ವಿಚ್ಛೇದನ ಕುರಿತು ವಿದ್ಯಾರ್ಥಿಗಳೇ ಬರೆದ ಲೇಖನಗಳಿದ್ದ ಎರಡು ಪುಟಗಳನ್ನು ಪ್ರಾಂಶುಪಾಲರು ಅಚ್ಚಿಗೆ ಹೋಗುವ ಮುನ್ನ ಕಿತ್ತುಹಾಕಿದ್ದರು. ಪತ್ರಿಕೆ ಪಾಠದ ಭಾಗ, ಶಾಲೆಯೇ ಅದರ ಪ್ರಕಾಶಕ ಎಂದು ಐದು–ಮೂರರಿಂದ ತೀರ್ಪಾಯಿತು. ಅಲಾಸ್ಕದ ಜೂನೊ ಪಟ್ಟಣದಲ್ಲಿ ಒಲಿಂಪಿಕ್ ಜ್ಯೋತಿ ಹೋಗುವಾಗ ಗಾಂಜಾ ಸೂಚಿಸುವ ಬ್ಯಾನರ್ ಹಿಡಿದವನೂ 2007ರ ತೀರ್ಪಿನಲ್ಲಿ ಗೆಲ್ಲಲಿಲ್ಲ. ಟಿಂಕರ್ ತೀರ್ಪನ್ನು ಯಾರೂ ರದ್ದು ಮಾಡಲಿಲ್ಲ. ಅದರ ಸುತ್ತ ಬೇಲಿ ಕಟ್ಟಿದರು.

ಭಾರತದಲ್ಲಿ ಕತೆ ತಲೆಕೆಳಗಾಗಿ ಶುರುವಾಗುತ್ತದೆ. ಇಲ್ಲಿ ಮಕ್ಕಳಿಗೆ ಮೊದಲು ಶಿಕ್ಷೆಯಾದದ್ದು ಹಾಡದಿದ್ದಕ್ಕಲ್ಲ, ಹಾಡಿದ್ದಕ್ಕೆ. ಬಂಗಾಳದ ವಿಭಜನೆಯ ವಿರುದ್ಧ 1905ರಲ್ಲಿ ಸ್ವದೇಶಿ ಚಳವಳಿ ಎದ್ದಾಗ, ವಿದ್ಯಾರ್ಥಿಗಳು ಅದರಲ್ಲಿ ಸೇರಿದರೆ ಶಾಲೆಯ ಅನುದಾನ ನಿಲ್ಲಿಸುವುದಾಗಿ ಕಾರ್ಲೈಲ್ ಸುತ್ತೋಲೆ ಎಚ್ಚರಿಸಿತು. ವಂದೇ ಮಾತರಂ ಎಂದ ಹುಡುಗರಿಗೆ ದಂಡ ಬಿತ್ತು. ಕಲಬುರಗಿ, ರಾಯಚೂರು, ಬೀದರ್ ಸೇರಿದ್ದ ನಿಜಾಮರ ರಾಜ್ಯದಲ್ಲಿ 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಅದೇ ಗೀತೆ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. 1942ರಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಮಹಾದೇವ ಡೋಣಿ ಪೊಲೀಸರ ಗುಂಡಿಗೆ ಬಿದ್ದ. 1947ರ ಸೆಪ್ಟೆಂಬರಿನಲ್ಲಿ, ದೇಶ ಸ್ವತಂತ್ರವಾಗಿ ತಿಂಗಳು ಸಂದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಾರದಿದ್ದಾಗ ಎದ್ದ ‘ಮೈಸೂರು ಚಲೋ’ ಚಳವಳಿಯಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡೇಟಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು.

ಸ್ವಾತಂತ್ರ್ಯದ ನಂತರ ಪಾತ್ರ ಅದಲುಬದಲಾಯಿತು. ನಿಷಿದ್ಧವಾಗಿದ್ದ ಹಾಡು, ಬಾವುಟ, ಘೋಷಣೆಗಳೇ ಬೆಳಗಿನ ಪ್ರಾರ್ಥನೆಯ ಸಾಲಿಗೆ ಬಂದವು. ಕನ್ನಡ ಪಠ್ಯಪುಸ್ತಕಗಳ ಮೊದಲ ಪುಟಗಳಲ್ಲಿ ಅಚ್ಚಾಗುತ್ತಿದ್ದ, ಭಾರತ ನನ್ನ ದೇಶ ಎಂದು ಶುರುವಾಗುವ ಪ್ರತಿಜ್ಞೆಯನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದ ಪೈಡಿಮರ್ರಿ ವೆಂಕಟ ಸುಬ್ಬರಾವ್. ಅದನ್ನು ದೇಶದ ಎಲ್ಲ ಶಾಲೆಗಳಲ್ಲೂ ಹೇಳಿಸಬೇಕೆಂದು ತೀರ್ಮಾನವಾದದ್ದು 1964ರಲ್ಲಿ ಬೆಂಗಳೂರಿನಲ್ಲಿ, ಎಂ.ಸಿ. ಛಾಗ್ಲಾ ಅಧ್ಯಕ್ಷತೆಯ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆಯಲ್ಲಿ. ಕೋಟ್ಯಂತರ ಮಕ್ಕಳು ಬಲಗೈ ಮುಂದೆ ಚಾಚಿ ಅದನ್ನು ಹೇಳಿದರು. ಬರೆದವರ ಹೆಸರು ಬಹುಪಾಲು ಮಕ್ಕಳಿಗೂ ಮೇಷ್ಟರಿಗೂ ತಿಳಿದಿರಲಿಲ್ಲ.

ಮೈನರ್ಸ್‌ವಿಲ್‌ನ ಪ್ರಶ್ನೆ ಅರ್ಧ ಶತಮಾನದ ನಂತರ, ಅದೇ ಪಂಥದ ಮಕ್ಕಳ ಮೂಲಕವೇ, ಕೇರಳದ ಕೋಟ್ಟಯಂ ಜಿಲ್ಲೆಯ ಕಿಡಂಗೂರಿಗೆ ಬಂತು. ಬಿಜೋ, ಬಿನು ಮೋಳ್, ಬಿಂದು ಇಮ್ಯಾನುಯೆಲ್ ಕ್ರಮವಾಗಿ ಹತ್ತು, ಒಂಬತ್ತು, ಐದನೆಯ ತರಗತಿಯವರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಶುರುವಾದರೆ ಎಲ್ಲರಂತೆ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದು ಮುಗಿಸಿದ್ದರು. ಅದು ಯಾರಿಗೂ ತಕರಾರಾಗಿರಲಿಲ್ಲ. 1985ರ ಜುಲೈಯಲ್ಲಿ ಒಬ್ಬ ಶಾಸಕರ ಕಣ್ಣಿಗೆ ಇದು ಬಿತ್ತು. ವಿಷಯ ವಿಧಾನಸಭೆಗೆ ಹೋಯಿತು, ವಿಚಾರಣಾ ಸಮಿತಿಯಾಯಿತು. ಮಕ್ಕಳು ಕಾನೂನಿಗೆ ತಲೆಬಾಗಿ ನಡೆಯುವವರು, ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಎಂದು ಸಮಿತಿಯೇ ವರದಿ ಕೊಟ್ಟಿತು. ಆದರೂ ಜುಲೈ 26ರಂದು, ಶಾಲಾ ಉಪ ಇನ್‌ಸ್ಪೆಕ್ಟರರ ಸೂಚನೆಯಂತೆ, ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗಿಟ್ಟರು.

ಕೇರಳ ಹೈಕೋರ್ಟ್ ರಾಷ್ಟ್ರಗೀತೆಯ ಪದಪದವನ್ನೂ ಬಿಡಿಸಿ ನೋಡಿ, ಇದರಲ್ಲಿ ಯಾವ ಧರ್ಮಕ್ಕೂ ನೋವಾಗುವಂಥದ್ದೇನಿಲ್ಲ ಎಂದು ಅರ್ಜಿ ತಳ್ಳಿತು. ಸುಪ್ರೀಂ ಕೋರ್ಟಿನಲ್ಲಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ 1986ರ ಆಗಸ್ಟ್ 11ರಂದು ಅದನ್ನು ತಿರುಗಿಸಿತು. ಹಾಡಿನ ಪದಗಳಲ್ಲಿ ದೋಷವಿದೆಯೇ ಎಂಬುದು ಪ್ರಶ್ನೆಯೇ ಅಲ್ಲ, ಮಕ್ಕಳ ನಂಬಿಕೆ ಪ್ರಾಮಾಣಿಕವೇ ಎಂಬುದು ಪ್ರಶ್ನೆ ಎಂದಿತು. ಕರ್ನಾಟಕದವರಿಗೆ ಚಿನ್ನಪ್ಪ ರೆಡ್ಡಿ ಹೆಚ್ಚು ಪರಿಚಿತರಾದದ್ದು ಮುಂದೆ ಹಿಂದುಳಿದ ವರ್ಗಗಳ ಆಯೋಗದಿಂದ. ಆದರೆ ಅವರ ಈ ಪುಟ್ಟ ತೀರ್ಪಿನ ಆಯಸ್ಸು ಆಯೋಗದ ವರದಿಗಿಂತ ಕಡಿಮೆಯೇನಲ್ಲ. ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆ 1971ರಲ್ಲೇ ಬಂದಿದೆ. ಹಾಡುವವರನ್ನು ತಡೆಯುವುದು, ಹಾಡುವ ಸಭೆಗೆ ಭಂಗ ತರುವುದು ಅದರ ಪ್ರಕಾರ ಅಪರಾಧ, ಸುಮ್ಮನೆ ಎದ್ದು ನಿಲ್ಲುವುದಲ್ಲ. ಶಿಕ್ಷಣ ಇಲಾಖೆ ಮುಂದಿಟ್ಟದ್ದು 1961 ಮತ್ತು 1970ರ ಎರಡು ಸುತ್ತೋಲೆಗಳನ್ನು. ಸಂವಿಧಾನದ 19ನೆಯ ವಿಧಿ ಕೊಟ್ಟ ವಾಕ್‌ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಬೇಕಾದರೆ ಕಾನೂನು ಬೇಕು, ಇಲಾಖೆಯ ಸುತ್ತೋಲೆ ಸಾಲದು ಎಂದು ಪೀಠ ಹೇಳಿತು. ಬಾರ್ನೆಟ್ ಅಕ್ಕತಂಗಿಯರ ತೀರ್ಪನ್ನೂ ತೀರ್ಪಿನಲ್ಲಿ ವಿಸ್ತಾರವಾಗಿ ಚರ್ಚಿಸಲಾಗಿದೆ. ಶಾಲೆಗಳೆಂದರೆ ಇಂದಿಗೂ ಸುತ್ತೋಲೆಯ ರಾಜ್ಯ. ಹಾಗಾಗಿ ಸುತ್ತೋಲೆ ಕುರಿತ ಆ ಸಾಲುಗಳು ಧರ್ಮದ ಮಾತಿಗಿಂತ ದೂರ ತಾಗುತ್ತವೆ.

ಗಮನಿಸಬೇಕಾದದ್ದು ಇಷ್ಟು: ಭಾರತದಲ್ಲೂ ಶಾಲಾಮಗುವಿನ ವಾಕ್‌ಸ್ವಾತಂತ್ರ್ಯದ ಮೊದಲ ದೊಡ್ಡ ತೀರ್ಪು ಮೌನದ ಮೇಲೆಯೇ ನಿಂತಿದೆ. ಬಿಲ್ಲೆ, ಪಟ್ಟಿ, ಪತ್ರಿಕೆಗಳ ಮೇಲೆ ಟಿಂಕರ್‌ಗೆ ಸಾಟಿಯಾದ ತೀರ್ಪು ಇಲ್ಲಿ ಬೆಳೆಯಲಿಲ್ಲ. ಮಕ್ಕಳು ಬಾಯಿಬಿಟ್ಟು ಹೇಳುವುದಕ್ಕೆ ಬಲ ಸಿಕ್ಕಿದ್ದು ನ್ಯಾಯಾಲಯದಿಂದಲ್ಲ, ಬೇರೆ ದಾರಿಯಿಂದ. ವಾರ್ಸಾದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ ಯಾನುಶ್ ಕೋರ್ಚಾಕ್ ಮಕ್ಕಳೇ ನ್ಯಾಯಾಧೀಶರಾಗಿ ಕೂರುವ ನ್ಯಾಯಾಲಯವನ್ನೂ, 1926ರಿಂದ ಮಕ್ಕಳೇ ಬರೆಯುವ ವಾರಪತ್ರಿಕೆಯನ್ನೂ ನಡೆಸಿದ. 1942ರಲ್ಲಿ ತನ್ನ ಮಕ್ಕಳ ಜೊತೆಗೇ ನಾಜಿಗಳ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲೆಯಾದ. ಅವನ ದೇಶ ಪೋಲೆಂಡ್ 1978ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯೊಂದರ ಕರಡನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. 1989ರ ನವೆಂಬರ್ 20ರಂದು ಅದು ಅಂಗೀಕಾರವಾಯಿತು. ತನಗೆ ಸಂಬಂಧಿಸಿದ ಎಲ್ಲದರಲ್ಲೂ ಮಗು ಅಭಿಪ್ರಾಯ ಹೇಳಬಹುದು ಎನ್ನುತ್ತದೆ 12ನೆಯ ವಿಧಿ. 13ನೆಯದು ಅಭಿವ್ಯಕ್ತಿಯ ಹಕ್ಕು. ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿತು. ಟಿಂಕರ್ ತೀರ್ಪಿನ ಅಮೆರಿಕ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಮಣ್ಣು ಮೊದಲೇ ಹದವಾಗಿತ್ತು. ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ, ಕುಂದಾಪುರ ಸೀಮೆಯ ಮಕ್ಕಳ ಪಂಚಾಯಿತಿಗಳು 1990ರ ದಶಕದವು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬುದು ಅಲ್ಲಿನ ಮಕ್ಕಳ ಬೇಡಿಕೆಯಾಗಿ ಪಂಚಾಯಿತಿ ಕಚೇರಿಗೆ ಬರುತ್ತಿತ್ತು. ಮುಂದೆ ಸರ್ಕಾರವೇ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ವಿಧಿಸಿತು. ಅಲ್ಲಿ ಏಳುವ ದೂರುಗಳು ಹೆಚ್ಚಾಗಿ ಶಾಲೆಯವೇ: ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಬೆಲ್ಲಿನ ಹೊತ್ತಿಗೆ ಬರುವುದಿಲ್ಲ, ಕಾಂಪೌಂಡು ಬಿದ್ದಿದೆ. ಕೆಲವು ಕಡೆ ಇದು ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಕೆಲವು ಕಡೆ ಎದ್ದು ನಿಂತ ಹುಡುಗಿ ಮೈಕು ಕೈಗೆ ಬಂದೊಡನೆ ಮುಖ್ಯೋಪಾಧ್ಯಾಯರ ಕಡೆ ಒಮ್ಮೆ ನೋಡಿ, ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಮಾತು ಶುರುಮಾಡುತ್ತಾಳೆ.

ಅಮೆರಿಕದ ಕತೆ 2021ರಲ್ಲಿ ಹೊರಟಲ್ಲಿಗೇ ಬಂದು ಮುಟ್ಟಿತು. ಹದಿನಾಲ್ಕರ ಹುಡುಗಿಯೊಬ್ಬಳಿಗೆ ಶಾಲೆಯ ಹಿರಿಯರ ಚಿಯರ್‌ಲೀಡರ್ ತಂಡದಲ್ಲಿ ಜಾಗ ಸಿಗಲಿಲ್ಲ. ಒಂದು ಶನಿವಾರ ಅಂಗಡಿಯೊಂದರಲ್ಲಿ ನಿಂತು ಮಧ್ಯದ ಬೆರಳು ತೋರಿಸುವ ಫೋಟೊ ತೆಗೆದು, ಶಾಲೆಗೂ ತಂಡಕ್ಕೂ ಸೇರಿಸಿ ಹೊಲಸು ಬೈಗುಳ ಬರೆದು ಸ್ನ್ಯಾಪ್‌ಚಾಟಿನಲ್ಲಿ ಹಾಕಿದಳು. ಇಪ್ಪತ್ನಾಲ್ಕು ಗಂಟೆಯಲ್ಲಿ ತಾನಾಗಿಯೇ ಅಳಿಯಬೇಕಿದ್ದ ಚಿತ್ರವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದರು. ಶಾಲೆ ಅವಳನ್ನು ವರ್ಷದ ಮಟ್ಟಿಗೆ ಕಿರಿಯರ ತಂಡದಿಂದಲೂ ಕೈಬಿಟ್ಟಿತು. ಶಾಲೆಯ ಹೊರಗೆ, ರಜೆಯ ದಿನ ಆಡಿದ ಮಾತಿನ ಮೇಲೆ ಶಾಲೆಯ ಕೈ ಅಷ್ಟು ಉದ್ದ ಚಾಚಲಾಗದು ಎಂದು ಎಂಟು–ಒಂದರಿಂದ ತೀರ್ಪಾಯಿತು. ಪೂರ್ತಿ ಚಾಚಲೇಬಾರದೆಂದೇನೂ ಹೇಳಲಿಲ್ಲ. ಮಹನಾಯ್ ಎಂಬ ಆ ಶಾಲೆ ಇರುವುದು ಪೆನ್ಸಿಲ್ವೇನಿಯದ ಸ್ಕೂಲ್‌ಕಿಲ್ ಕೌಂಟಿಯಲ್ಲಿ, ಅಂದರೆ ಮೈನರ್ಸ್‌ವಿಲ್ ಇರುವ ಅದೇ ಕಲ್ಲಿದ್ದಲ ಸೀಮೆಯಲ್ಲಿ. ದಶಾಜ್ಞೆಯ ಪತ್ರ ಬರೆದ ಹುಡುಗ ಅಲ್ಲಿ ಸೋತಿದ್ದ, ಬೈಗುಳ ಬರೆದ ಹುಡುಗಿ ಗೆದ್ದಳು.

ಕಿಡಂಗೂರಿನ ತೀರ್ಪು ಮತ್ತೆ ಕಡತದಿಂದ ಮೇಲೆದ್ದದ್ದು ಉಡುಪಿಯಿಂದ. ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ತೊಟ್ಟ ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡದ ಪ್ರಸಂಗ 2022ರ ಆರಂಭದಲ್ಲಿ ರಾಜ್ಯವ್ಯಾಪಿಯಾಗಿ, ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಧರ್ಮಾಚರಣೆಯ ಹಕ್ಕಿನ ಜೊತೆಗೆ, ತೊಡುವ ಬಟ್ಟೆಯೂ ಅಭಿವ್ಯಕ್ತಿಯೇ ಎಂಬ ವಾದವೂ ಕೋರ್ಟಿನಲ್ಲಿ ನಡೆಯಿತು. ಕರ್ನಾಟಕ ಹೈಕೋರ್ಟಿನ ಮೂವರ ಪೀಠ ಮಾರ್ಚ್ 15ರಂದು ಆದೇಶವನ್ನು ಎತ್ತಿಹಿಡಿಯಿತು. ಶಾಲೆಯೆಂಬುದು ವಿಶೇಷ ಬಗೆಯ ಸಾರ್ವಜನಿಕ ಸ್ಥಳ, ಅಲ್ಲಿ ವ್ಯಕ್ತಿಯ ಹಕ್ಕುಗಳು ಶಿಸ್ತಿನ ಚೌಕಟ್ಟಿಗೆ ಒಳಪಡುತ್ತವೆ ಎಂಬುದು ಅದರ ನಿಲುವು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ರಂದು ಬೇರೆ ಬೇರೆ ದಾರಿ ಹಿಡಿದರು. ಹೇಮಂತ್ ಗುಪ್ತ ಹೈಕೋರ್ಟಿನ ತೀರ್ಪನ್ನು ಒಪ್ಪಿದರು; ಸುಧಾಂಶು ಧೂಲಿಯಾ ಒಪ್ಪಲಿಲ್ಲ. ಧೂಲಿಯಾ ಅವರು ಮುಖ್ಯವಾಗಿ ಊರುಗೋಲು ಮಾಡಿಕೊಂಡದ್ದು ಬಿಜೋ ಇಮ್ಯಾನುಯೆಲ್ ತೀರ್ಪನ್ನು. ಒಮ್ಮತ ಬಾರದ್ದರಿಂದ ಮೊಕದ್ದಮೆಯನ್ನು ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.